ಸಿದ್ಧರಾಮ ಅವರ ಮುಖದಲ್ಲಿ ಏನೂ ಇಲ್ಲ

ಇಂಡಿಯಿಂದ ಬಾಗೇವಾಡಿಯವರೆಗಿನ ನಾಲ್ಕು ತಾಲ್ಲೂಕುಗಳ ಸಾರ್ವಜನಿಕ ಜೀವನದ ಮೇಲೆ ದೂರಗಾಮಿ ಪರಿಣಾಮ ಬೀರಬಲ್ಲ ಸಂಗತಿಯೊಂದನ್ನು ಓದುಗರ ಗಮನಕ್ಕೆ ತರಬೇಕಾಗಿದೆ: ಕಳೆದ ಭಾನುವಾರ ಸಿಂದಗಿಯಲ್ಲಿ ಒಬ್ಬರು ಮೂಗು ತುರಿಸಿಕೊಳ್ಳಲಿಲ್ಲ.

ಆ ಮೂಗಿನ ಒಡೆಯರು ಸಿದ್ಧರಾಮ. ನಸುಕಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾ ಕುದಿಸುತ್ತಿದ್ದಾರೆ. ಹಾಲು ಉಕ್ಕುತ್ತದೆ. ಹಾಲಿನವನು ಬಾಕಿಗಾಗಿ ಬೈಯುತ್ತಾನೆ. ನಾಯಿಯೊಂದು ಬಿಸ್ಕಿಟಿನ ಪೊಟ್ಟಣ ಕಚ್ಚಿಕೊಂಡು ಓಡುತ್ತದೆ. ಅವರ ಮುಖ ಮಾತ್ರ ಸುಣ್ಣ ಬಳಿದ ಗೋಡೆ. ದಿನಕ್ಕೆ ಎಷ್ಟು ಕಪ್ಪು ಚಹಾ ಮಾರುತ್ತೀರಿ ಎಂದರೆ, "ನಮ್ಮಾಕಿನ್ನ ಕೇಳ್ರಿ" ಎನ್ನುತ್ತಾರೆ. ಲೋಟ ತೊಳೆಯುತ್ತಿರುವ ಹೆಂಡತಿ ಚಂದವ್ವನದು ಬೇರೆಯೇ ಲೆಕ್ಕ: "ಲಗ್ನಾಗಿ ಇಷ್ಟ ವರ್ಷಾತ್ರಿ. ನಾ ಮಾಡಿದ ಪಲ್ಯಾ ಇವರಿಗೆ ಸೇರತೈತೋ ಇಲ್ಲೋ, ಇನ್ನೂ ಗೊತ್ತಾಗಿಲ್ಲ."

ಈ ಮುಖಕ್ಕೆ ಬೇಡಿಕೆ ಇರುವುದು ಪಕ್ಕದ ಇಸ್ಪೀಟಿನ ಖೋಲಿಯಲ್ಲಿ. ಚಹಾ ಕೊಡುವವರು ಎಲ್ಲರ ಬೆನ್ನ ಹಿಂದೆ ಹಾಯುತ್ತಾರೆ, ಎಲ್ಲರ ಎಲೆಗಳನ್ನೂ ಕಾಣುತ್ತಾರೆ. ಹಿಂದೆ ಚಹಾ ತರುತ್ತಿದ್ದವರು ಎಕ್ಕ ಕಂಡಾಗ ಹುಬ್ಬೇರಿಸುತ್ತಿದ್ದರು, ಅವರನ್ನು ಬಿಡಿಸಲಾಯಿತು.

ಭಾನುವಾರ ಬೆಳಿಗ್ಗೆ ಮೂರೆಲೆ ಆಟಕ್ಕೆ ಕೂತವರು ಹಳೆಯ ಎದುರಾಳಿಗಳು: ಇಂಡಿಯ ಮಾಳಿಂಗರಾಯ, ಮುದ್ದೇಬಿಹಾಳದ ಶಮಶುದ್ದೀನ. ಪಣ ದುಡ್ಡಲ್ಲ, ಪೊಲೀಸರ ಭಯ ಸ್ವಲ್ಪ, ಹೆಂಡಂದಿರ ಭಯ ಹೆಚ್ಚು. ಪಣ ಸೋತವರ ಮೀಸೆ. ಮಾಳಿಂಗರಾಯರ ಮನೆತನದಲ್ಲಿ ತಂದೆ ತೀರಿಕೊಂಡರೆ ಮಾತ್ರ ಮೀಸೆ ತೆಗೆಯುತ್ತಾರೆ. ತಂದೆ ಇನ್ನೂ ತಾವೇ ಎಮ್ಮೆ ಹಿಂಡುತ್ತಾರೆ. ಇದು ರಾಯರಿಗೆ ನೆನಪಾದದ್ದು ಪಣ ಕಟ್ಟಿದ ಮೇಲೆ. ಸಾಲದ್ದಕ್ಕೆ ಮರುವಾರವೇ ಅವರ ಮಗನಿಗೂ ಸಿದ್ಧರಾಮ ಅವರ ಮಗಳು ಮಾಲಾಳಿಗೂ ಮದುವೆ ನಿಶ್ಚಯವಾಗಿತ್ತು.

ಆಟಕ್ಕೆ ಮುಂಚೆ ರಾಯರು ಚಹಾದವರನ್ನು ಮೂಲೆಗೆ ಕರೆದರು. "ಬೀಗರ, ಅವನ ಕೈಯಾಗ ಏನೂ ಇರಲಿಲ್ಲಂದ್ರ ಮೂಗು ತುರಿಸಿಕೊಳ್ರಿ. ಅಷ್ಟ. ನಮ್ಮ ನಿಮ್ಮ ಎರಡೂ ಮನಿ ಮರ್ಯಾದಿ ಮಾತ ಐತಿ."

"ಚಾಕ್ಕ ಸಕ್ರಿ ಎಷ್ಟ ಹಾಕ್ಲಿರಿ?" ಎಂದರಂತೆ ಸಿದ್ಧರಾಮ.

ಕಡೆಯ ಆಟ. ಶಮಶುದ್ದೀನ ತಮ್ಮ ಎಲೆ ನೋಡಿ ಮೀಸೆ ತಿರುವಿದರು. "ಮೀಸಿ ಜೋಡಿ ತಲೀನೂ ಬೋಳಸೋಣೇನ್ರಿ ರಾಯರ? ಐತೇನು ಧೈರ್ಯ?" ಈಗಲೇ ಎಲೆ ಕೆಳಗಿಟ್ಟು ಸೋಲೊಪ್ಪಿದರೆ ರಾಯರಿಗೆ ಮೀಸೆಯಷ್ಟೇ ನಷ್ಟ. ತೋರಿಸು ಎಂದು ಸೋತರೆ ತಲೆಯೂ ಹೋಗುತ್ತದೆ. ರಾಯರ ಕೈಯಲ್ಲಿ ಜೋಡಿ ರಾಜಾ. ಶಮಶುದ್ದೀನರ ಕೈಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು, ಐದು, ಒಂಬತ್ತು. ಅವರ ಹಿಂದೆ ಕಪ್ಪುಬಸಿ ಹಿಡಿದ ಸಿದ್ಧರಾಮ. ರಾಯರು ಬೀಗರ ಮೂಗನ್ನೇ ನೋಡಿದರು. ಅದರ ಮೇಲೆ ನೊಣವೊಂದು ಬಂದು ಕೂತಿತು, ತನಗೆ ಬೇಕಾದಷ್ಟು ತಿರುಗಾಡಿತು, ಹಾರಿಹೋಯಿತು. ರಾಯರು ಎಲೆ ಕೆಳಗಿಟ್ಟರು.

"ಖರೇನ ತುರಸಾಕತ್ತಿತ್ರಿ," ಎನ್ನುತ್ತಾರೆ ಸಿದ್ಧರಾಮ. "ಆದ್ರ ನಾ ಎರಡೂ ಕಡಿಯವರ ಬೆನ್ನ ಹಿಂದ ಹಾಯಾಂವ. ಬೀಗರಿಗೊಂದು ಮಾರಿ, ಮಂದಿಗೊಂದು ಮಾರಿ ಇಟಗೊಂಡ್ರ ನಾಳೆ ಯಾರ ಮುಂದ ಕಿಟ್ಲಿ ಹಿಡೀಲಿ?"

"ಮನಿಗೆ ಬಂದು ಒಂದ ತಾಸು ತುರಿಸಿಕೊಂಡ್ರು ನೋಡ್ರಿ," ಎನ್ನುತ್ತಾರೆ ಚಂದವ್ವ.

ಸೋಮವಾರ ರಾಯರ ಬೋಳು ತುಟಿಯ ಸುದ್ದಿ ತಿಳಿದು ಮೋರಟಗಿಯ ನೆಂಟರು ದುಃಖ ಹಂಚಿಕೊಳ್ಳಲು ಇಂಡಿಗೆ ಹೋದರು. ಬಾಗಿಲು ತೆರೆದದ್ದು ರಾಯರ ತಂದೆ. "ಯಾರ ಸತ್ತಾರೋ?" ಎಂದು ಅವರೇ ಕೇಳಿದರು. ತಾನು ಬದುಕಿರುವಾಗ ಮಗ ಆ ತುಟಿ ಹೊತ್ತು ಮದುವೆಯ ಹಂದರದಲ್ಲಿ ನಿಂತರೆ ತಾನು ಬರುವುದಿಲ್ಲ ಎಂದು ಮುದುಕರು ಹಟ ಹಿಡಿದಿದ್ದಾರೆ.

ಮೀಸೆ ಬೆಳೆಯುವವರೆಗೆ ಮದುವೆ ಮುಂದಕ್ಕೆ ಹೋಗಿದೆ.