ಅಜ್ಜಿಯ ಐದನೇ ಹಕ್ಕಿ

ಬೆಂಗಳೂರಿನ ಹತ್ತಿರದ ವಿಜಯಪುರದ ನಮ್ಮ ಮನೆಯ ನಡುಮನೆಯಲ್ಲಿ ಮಡಚಿಡುವಂಥ ಒಂದು ಜಪಾನಿ ತೆರೆಯಿದೆ. ಕಾಗದದ ಮೇಲೆ ಕಪ್ಪು ಮಸಿಯಲ್ಲಿ ನಾಲ್ಕು ಕೊಕ್ಕರೆ, ಒಂದಿಷ್ಟು ಜೊಂಡು, ಮಿಕ್ಕಿದ್ದೆಲ್ಲ ಖಾಲಿ. ತಾತ ರೇಷ್ಮೆ ನೂಲು ತೆಗೆಯುತ್ತಿದ್ದ ಕಾಲದಲ್ಲಿ ಹುಳು ಸಾಕುವುದನ್ನು ಕಲಿಸಲು ಬಂದಿದ್ದ ಜಪಾನಿನವರೊಬ್ಬರು ತಮ್ಮೂರಿಗೆ ಹೊರಡುವಾಗ ಕೊಟ್ಟುಹೋದದ್ದು. ಬರೆದವರ ಸಹಿ ಇಲ್ಲ. ಸಹಿ ಇಲ್ಲದ್ದೇ ಅನುಕೂಲವಾಗಿ, ಯಾರೋ ಮಹಾ ಕಲಾವಿದರದೆಂದು ಅಪ್ಪ ಬಸ್‌ಸ್ಟಾಂಡಿನವರೆಗೂ ಸಾರಿದ್ದರು. ಅಜ್ಜಿಗೆ ಮಾತ್ರ ಅದು ಸೀರೆ ಉಡಲು ಮರೆ. ಅದರ ಹಿಂದೆಯೇ ಅವಳ ಮಂಚ.

ಹೋದ ವರ್ಷ ಅಪ್ಪನ ಡಂಗುರ ಬೆಂಗಳೂರಿನ ಮ್ಯೂಸಿಯಂ ಒಂದಕ್ಕೆ ಮುಟ್ಟಿ, ಅಲ್ಲಿಂದ ತಜ್ಞೆಯೊಬ್ಬರು ಬಂದರು. ಇದು ದೊಡ್ಡ ಗುರುವೊಬ್ಬನದಿರಬೇಕು, ಇಲ್ಲವೇ ಅವನ ಶಿಷ್ಯರದು ಎಂದರು. ಗುರುವಿನದಾದರೆ ಮ್ಯೂಸಿಯಂಗೆ ಕೊಡುತ್ತೇನೆಂದು ಅಪ್ಪ ಅಜ್ಜಿಯನ್ನು ಕೇಳದೆಯೇ ಮಾತು ಕೊಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು.

ತಜ್ಞೆ ಭೂತಗನ್ನಡಿ ಹಿಡಿದು ಕೊಕ್ಕರೆಗಳನ್ನು ನೋಡಿ ಮೂಗು ಮುರಿದರು. ಆ ಕಾಲುಗಳು ಶಿಷ್ಯರವೇ ಅಂತೆ. ಸದ್ಯ, ಅಜ್ಜಿಯ ಮರೆ ಉಳಿಯಿತು ಎಂದುಕೊಂಡೆ. ಆಮೇಲೆ ಅವರು ಬಲಗಡೆಯ ಖಾಲಿ ಜಾಗದಲ್ಲಿದ್ದ ಒಂದು ಕಪ್ಪು ಚುಕ್ಕಿಯ ಮುಂದೆ ನಿಂತವರು ಅಲ್ಲಾಡಲಿಲ್ಲ.

“ಇದು ದೂರ ಹಾರ್ತಿರೋ ಐದನೇ ಹಕ್ಕಿ. ಒಂದೇ ಚುಕ್ಕಿ ನೋಡಿ. ಇಷ್ಟು ಧೈರ್ಯ ಗುರುಗೇ ಬರೋದು ಸರ್.”

ಅಪ್ಪ ಆಗಲೇ ಟೆಂಪೋದವನಿಗೆ ಫೋನ್ ಹಚ್ಚಿದರು.

“ಅದು ದೃಷ್ಟಿ ಬೊಟ್ಟು ಕಣಮ್ಮ,” ಎಂದಳು ಅಜ್ಜಿ, ತೆರೆಯ ಹಿಂದಿನಿಂದಲೇ. “ಚೆನ್ನಾಗಿತ್ತಲ್ಲ, ಯಾರ ಕಣ್ಣೂ ಬೀಳ್ಬಾರ್ದು ಅಂತ ಬಂದ ದಿನವೇ ನಾನಿಟ್ಟಿದ್ದು.”

“ವಯಸ್ಸಾಯ್ತು, ಏನೇನೋ ಹೇಳ್ತಾರೆ,” ಎಂದರು ಅಪ್ಪ.

ವಯಸ್ಸಿನ ಮಾತೆತ್ತಿದರೆ ಅಜ್ಜಿಗೆ ಮೈಯೆಲ್ಲ ಉರಿ. ಕಾಡಿಗೆ ಡಬ್ಬಿ ಹಿಡಿದು ಹೊರಗೆ ಬಂದವಳೇ ಬೆರಳದ್ದಿ, ಆ ಚುಕ್ಕಿಯ ಪಕ್ಕದಲ್ಲೇ ಇನ್ನೊಂದನ್ನು ಒತ್ತಿದಳು. ಎರಡೂ ಅವಳಿಜವಳಿ. ತಜ್ಞೆಯದೇನೂ ತಪ್ಪಿಲ್ಲ, ಚಿತ್ರದ ಮಸಿಯೂ ದೀಪದ ಕರಿಯೇ, ಈ ಕಾಡಿಗೆಯೂ ದೀಪದ ಕರಿಯೇ. ಅಪ್ಪನ ಫೋನಿನಲ್ಲಿ ಟೆಂಪೋದವನು ಹಲೋ ಹಲೋ ಎನ್ನುತ್ತಲೇ ಇದ್ದ.

ತೆರೆ ಮನೆಯಲ್ಲೇ ಉಳಿಯಿತು. ತಿಂಗಳಾದ ಮೇಲೆ ವರದಿ ಬಂತು. ಅಜ್ಜಿ ಮಂಚದ ಮೇಲೆ ನೆಟ್ಟಗೆ ಕೂತು ನನ್ನಿಂದ ಓದಿಸಿಕೊಂಡಳು. ಕೊಕ್ಕರೆಗಳು ಶಿಷ್ಯರವು, ದೂರದ ಎರಡು ಹಕ್ಕಿಗಳು ಬೇರೊಂದು ಕೈಯವು, ಆ ಕೈ ಯಾರದೆಂದು ಖಚಿತವಿಲ್ಲ ಎಂದಿತ್ತು.

“ಖಚಿತ ಇಲ್ವಂತಾ?” ಅಜ್ಜಿಗೆ ನಿಜಕ್ಕೂ ನೋವಾಗಿತ್ತು. “ಅವಳ ಕಣ್ಣೆದುರಿಗೇ ಇಟ್ನಲ್ಲೋ.”