ಕನ್ನಡದ ಏರಿ, ತಮಿಳಿನ ಏರಿ

ಎದುರು ಸೈಟಿನಲ್ಲಿ ಪಾಯ ತೋಡುತ್ತಿದ್ದಾರೆ. ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆರೆದರೆ ಹಸಿ ಜೇಡಿಮಣ್ಣಿನ ವಾಸನೆ. ಬೇರೆ ಹೆಂಗಸರಿಗೆ ಮಲ್ಲಿಗೆಯ ವಾಸನೆಗೆ ಗಂಡನ ನೆನಪಾಗುತ್ತದಂತೆ. ನನ್ನ ಹಣೆಬರಹ ನೋಡಿ, ನನಗೆ ಕೆಸರಿನ ವಾಸನೆಗೆ ಆಗುತ್ತದೆ.

ನಮ್ಮವರು ರಿಟೈರಾಗುವವರೆಗೂ ಇಲ್ಲೇ ಚೆನ್ನೈನಲ್ಲಿ ಸರ್ಕಾರದ ಭೂವಿಜ್ಞಾನಿಯಾಗಿದ್ದರು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ‘ಸೆಂಟ್ರಲ್ ಗೌರ್ಮೆಂಟು’ ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ನೆಲಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆದು, ಅದರಲ್ಲಿ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುತ್ತಾರೆ ಎಂದು ಹೇಗೆ ಹೇಳುವುದು, ನೀವೇ ಹೇಳಿ. ಹಲ್ಲಿಗೆ ಕರಕರ ಎಂದರೆ ಮರಳಿನ ಅಂಶವಂತೆ, ಬೆಣ್ಣೆಯ ಹಾಗೆ ಜಾರಿದರೆ ಜೇಡಿಯಂತೆ. ಅದೇ ಬಾಯಲ್ಲಿ ಮನೆಗೆ ಬಂದು ನನ್ನ ಸಾರಿಗೆ ಉಪ್ಪು ಕಮ್ಮಿ ಎನ್ನುತ್ತಿದ್ದರು.

ಇವರ ಇಲಾಖೆಯವರು ವರ್ಷಗಟ್ಟಲೆ ಹೀಗೆ ಅಲೆದು, ಊರಿನ ಯಾವ ನೆಲ ನೀರು ಕುಡಿಯುತ್ತದೆ, ಯಾವುದು ಕುಡಿಯುವುದಿಲ್ಲ ಎಂದು ಬಣ್ಣಬಣ್ಣದ ನಕ್ಷೆ ಮಾಡಿದರು. ಅದರ ಬಿಡುಗಡೆಗೆ ನಾನೂ ಹೋಗಿದ್ದೆ. ಮುಖ್ಯ ಅತಿಥಿಗಳು ಸಮಾಜಕ್ಕೆ ಇದರ ಉಪಯೋಗ ಅಪಾರ ಎಂದು ಸಾರಿ, ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಫೋಟೊ ತೆಗೆಸಿಕೊಂಡರು. ಸಮಾಜ ಆಗ ಬೋಂಡಾ ತಟ್ಟೆಯ ಹತ್ತಿರ ಇತ್ತು.

ಆ ಸಮಾಜದಲ್ಲಿ ನನ್ನ ತಮ್ಮ ಸೀನನೂ ಒಬ್ಬ. ಇನ್ಶೂರೆನ್ಸ್ ಕಂಪನಿಯ ಕೆಲಸ. ಅಪಾಯ ಎಲ್ಲೆಲ್ಲಿಂದ ಬರುತ್ತದೆ ಎಂದು ಲೋಕವನ್ನೆಲ್ಲ ಹೆದರಿಸುವುದೇ ಅವನ ಉದ್ಯೋಗ. ತೊಂಬತ್ತರ ದಶಕದ ಕೊನೆ, ಚೆನ್ನೈನ ವೇಲಚೇರಿಯಲ್ಲಿ ಫ್ಲ್ಯಾಟುಗಳು ಏಳುತ್ತಿದ್ದ ಕಾಲ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರಳು. ಅವಳಿಗೋಸ್ಕರವೇ ಸೀನ ಅಲ್ಲೊಂದು ನೆಲಮಹಡಿಯ ಮನೆ ನೋಡಿದ. ಎಲ್ಲಿ ಎಂದರೆ, ಏರಿ ಪಕ್ಕದಲ್ಲೇ ಎಂದ.

ನಮ್ಮವರ ಮುಖ ಸಣ್ಣಗಾಯಿತು. ಅದು ಕೆರೆಯ ಹಳೇ ಅಂಗಳ, ಎಷ್ಟು ಆಳಕ್ಕೆ ಹೋದರೂ ಜೇಡಿಯೇ, ಬಿದ್ದ ನೀರು ಇಳಿಯುವುದಿಲ್ಲ, ಅಮ್ಮನನ್ನು ಅಲ್ಲಿ ಇಡಬೇಡ ಎಂದು ನಕ್ಷೆ ಹರಡಿ ಹೇಳಿದರು. ಸೀನ ನಕ್ಕ.

“ಏರಿ ಅಂದ್ರೆ ಎತ್ತರ ಅಲ್ವಾ ಭಾವ? ನಮ್ಮೂರ ಕೆರೆ ಏರಿ ಮೇಲೆ ಬಸ್ಸೇ ಓಡತ್ತೆ.”

“ಅದು ಕನ್ನಡದ ಏರಿ, ಸೀನ. ಇಲ್ಲಿ ಏರಿ ಅಂದ್ರೆ ಕೆರೆನೇ.”

“ತಮಿಳುನಾಡಿನ ಮಣ್ಣು ತಿಂದೂ ತಿಂದೂ ನಿಮಗೆ ಕನ್ನಡ ಮರ್ತೋಗಿದೆ.”

ಎಲ್ಲರೂ ನಕ್ಕೆವು, ಅಮ್ಮ ಕೂಡ ಬಾಯಿಗೆ ಸೆರಗಿಟ್ಟುಕೊಂಡಳು. ಹೀಗೆ ಮಂಡ್ಯದ ಕಡೆಯ ಏರಿಯನ್ನು ನಂಬಿ ನನ್ನ ತಮ್ಮ ಚೆನ್ನೈನ ಕೆರೆಯೊಳಗೆ ಗೃಹಪ್ರವೇಶ ಮಾಡಿದ. ವಾಸ್ತುವಿನವನನ್ನು ಮಾತ್ರ ಮರೆಯದೆ ಕರೆಸಿದ್ದ. ಈಶಾನ್ಯದಲ್ಲಿ ನೀರಿದ್ದರೆ ಬಹಳ ಶ್ರೇಷ್ಠ ಎಂದು ಅವನು ದಕ್ಷಿಣೆ ತೆಗೆದುಕೊಂಡು ಹೋದ.

ಕೆಲವು ವರ್ಷ ಏನೂ ಆಗಲಿಲ್ಲ. ಹಬ್ಬಕ್ಕೆ ಕರೆದಾಗಲೆಲ್ಲ ಸೀನ ನಮ್ಮವರಿಗೆ ತನ್ನ ಒಣ ನೆಲವನ್ನು ತೋರಿಸುತ್ತಿದ್ದ. ಆಮೇಲೆ ಒಂದು ಸಲ ದೀಪಾವಳಿಯ ಬೆನ್ನಿಗೇ ಬಂತು ನೋಡಿ ಮಳೆ. ನೀರು ಈಶಾನ್ಯದಿಂದಲೂ ಬಂತು, ಉಳಿದ ದಿಕ್ಕುಗಳಿಂದಲೂ ಬಂತು. ಅಮ್ಮ ಮಂಚದ ಮೇಲೆ, ಮಂಚ ನೀರಿನಲ್ಲಿ. ಕಾಸಿಮೇಡಿನ ಮೀನುಗಾರರು ಲಾರಿಯಲ್ಲಿ ದೋಣಿ ತಂದಿದ್ದರು. ನಮ್ಮವರೂ ಸೀನನೂ ಎದೆಮಟ್ಟದ ನೀರಿನಲ್ಲಿ ಅಮ್ಮನನ್ನು ಕುರ್ಚಿಸಮೇತ ಎತ್ತಿ ಅದರಲ್ಲಿ ಕೂರಿಸಿದರು. ದೋಣಿ ಒಣ ರಸ್ತೆ ಮುಟ್ಟುವವರೆಗೆ ಅಲ್ಲಿ ನಿಂತಿದ್ದ ನನಗೆ ಜೀವವೇ ಇರಲಿಲ್ಲ.

ನಮ್ಮ ಮನೆಗೆ ಬಂದು, ಬಟ್ಟೆ ಬದಲಿಸಿ, ಕಾಫಿ ಒಳಗೆ ಹೋದದ್ದೇ ತಡ, ಸೀನ ಶುರು ಮಾಡಿದ. ಈ ಸರ್ಕಾರವೇ ದಂಡ, ಇಷ್ಟೊಂದು ಆಫೀಸುಗಳಿಗೆ ನಮ್ಮ ತೆರಿಗೆಯಲ್ಲಿ ಸಂಬಳ ಕೊಡುತ್ತಾರೆ, ಇಲ್ಲಿ ನೀರು ನಿಲ್ಲುತ್ತದೆ ಎಂದು ಒಬ್ಬನಾದರೂ ಮೊದಲೇ ಹೇಳಬೇಡವೇ ಎಂದು ಕೂಗಾಡಿದ. ನಮ್ಮವರು ಎದ್ದು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.

ಶಾಲು ಹೊದ್ದು ನಡುಗುತ್ತಿದ್ದ ಅಮ್ಮ ತಲೆಯೆತ್ತಿದಳು. “ಹೇಳಿದ್ರು ಕಣೋ. ನೀನೇ ಅವರಿಗೆ ಕನ್ನಡ ಬರಲ್ಲ ಅಂದೆ.”

ಅಮ್ಮ ಮತ್ತೆ ಆ ಮನೆಗೆ ಹೋಗಲಿಲ್ಲ. ಕೊನೆಯವರೆಗೂ ಲಿಫ್ಟಿರುವ ನಮ್ಮ ಮನೆಯಲ್ಲೇ ಇದ್ದು ಹೋದಳು. ಸೀನ ಮಾತ್ರ ಈಗಲೂ ಅಲ್ಲೇ ಇದ್ದಾನೆ. ಆ ಕೆರೆಗೆ ಈಗ ಚಿನ್ನದ ಬೆಲೆ, ಬಿಟ್ಟು ಬರಲು ಅವನಿಗೆ ಮನಸ್ಸಿಲ್ಲ.

ಇವತ್ತು ಮೋಡ ಕವಿದಿದೆ. ಸೀನ ಫೋನು ಮಾಡಿದ. ಅಕ್ಕ ಹೇಗಿದ್ದೀಯ ಎಂದೂ ಕೇಳಲಿಲ್ಲ, ಭಾವನಿಗೆ ಕೊಡು ಎಂದ. ಮಳೆ ಜೋರಾಗಿ ಬರುತ್ತದೆಯೇ ಎಂದು ತಿಳಿಯಬೇಕಂತೆ. ಮಳೆ ಹೇಳುವುದು ಬೇರೆ ಇಲಾಖೆ, ಇವರದು ಬರೀ ನೆಲ ಎಂದು ಇಷ್ಟು ವರ್ಷವಾದರೂ ಅವನಿಗೆ ಗೊತ್ತಾಗಿಲ್ಲ. ಇವರು ಈಗ ಅದನ್ನೇ ಹೇಳಿ ಸರಿಯಾಗಿ ಬಿಸಿ ಮುಟ್ಟಿಸುತ್ತಾರೆ ಎಂದು ನಾನು ಆಸೆಯಿಂದ ಕಾದೆ. ನಮ್ಮವರು ಆಕಾಶದ ಕಡೆ ಕೂಡ ನೋಡಲಿಲ್ಲ.

“ಅಮ್ಮನ ರೂಮು ಖಾಲಿ ಇದೆ, ಸೀನ. ಎಲ್ಲರೂ ಬಂದ್ಬಿಡಿ,” ಎಂದರು.