ಚರಗದ ಸುತ್ತು

ಬೈಲಹೊಂಗಲದಿಂದ ಮುನವಳ್ಳಿ ಕಡೆಗೆ ಹೊರಟರೆ ಊರ ಅಂಚಿನಲ್ಲಿ ಏಳಂತಸ್ತಿನ ಅಪಾರ್ಟ್‌ಮೆಂಟ್ ಒಂದು ಸಿಗುತ್ತದೆ. ಅದರ ಬಗಲಿಗೆ ಬಿಳಿಜೋಳ ನಿಂತ ಎರಡು ಎಕರೆ ಎರೆಹೊಲ ಕಂಡರೆ, ಅದು ನಮ್ಮದು. ನೋಡಿದವರೆಲ್ಲ, "ಇದೊಂದ ಯಾಕ ಉಳೀತ್ರೀ?" ಎಂದು ಕೇಳುತ್ತಾರೆ. ತಾನಾಗಿ ಉಳಿಯಿತು ಅಂದುಕೊಂಡವರಿಗೆ ಉತ್ತರ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ. ಏರಲಿ.

ಹೊಲ ಅತ್ತೆಯವರ ಹೆಸರಿನಲ್ಲಿದೆ. ನಾನು ರಾಮದುರ್ಗದ ಪೇಟೆಯಲ್ಲಿ ಬೆಳೆದವಳು, ಶಾಲೆಯಲ್ಲಿ ಪಾಠ ಹೇಳುವವಳು. ಮದುವೆಯಾಗಿ ಬಂದಾಗ ಜೋಳದ ಬೆಳೆಗೂ ಸಜ್ಜೆಯ ಬೆಳೆಗೂ ಫರಕು ತಿಳಿಯದೆ ನಿಂತಿದ್ದೆನೆಂದು ಅತ್ತೆ ಇವತ್ತಿಗೂ ಬಂದವರ ಮುಂದೆ ಹೇಳಿ ನಗುತ್ತಾರೆ.

ನಮ್ಮ ಸುತ್ತಲಿನ ಹೊಲಗಳನ್ನೆಲ್ಲ ಒಬ್ಬ ಬಿಲ್ಡರ್ ಕೊಂಡ. ಮೊದಲ ಕಟ್ಟಡ ಎದ್ದಿತು. ಎರಡನೆಯದು ನಮ್ಮ ಹೊಲದಲ್ಲಿ ಏಳುವುದೆಂದು ನಕಾಶೆಯೂ ತಯಾರಾಗಿತ್ತಂತೆ, ನಮ್ಮನ್ನು ಕೇಳುವ ಮೊದಲೇ. ಆದರೆ ಮನುಷ್ಯ ಬಹಳ ನಯ. ನಮ್ಮ ಹೊಲ ರಸ್ತೆಗೆ ತಾಗುವುದು ಈಶಾನ್ಯದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿಂದಲೇ ನಮ್ಮ ಹಳೆಯ ಬಂಡಿದಾರಿ. "ಆ ಜಾಲಿ ಕಂಟಿಯಾಗ ಯಾಕ ಅಡ್ಡಾಡ್ತೀರಿ ಅಕ್ಕಾರ, ನಮ್ಮ ಗೇಟಿನಾಗಿಂದ ಬರ್ರಿ" ಅಂದ. ನನಗೆ ಖುಷಿಯೋ ಖುಷಿ. ಡಾಂಬರಿನ ಮೇಲೆ ಸ್ಕೂಟಿ ನೇರ ಹೊಲದ ಬದುವಿಗೆ ಬರುತ್ತಿತ್ತು. ಹಳೆಯ ದಾರಿಯನ್ನು ಮರೆತೇಬಿಟ್ಟೆ.

ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಚರಗ ಚೆಲ್ಲುತ್ತಾರೆ. ಕಡಬು, ರೊಟ್ಟಿ, ಪಲ್ಯ, ಅನ್ನ ಎಲ್ಲ ಕಲಸಿದ ಬುಟ್ಟಿ ಹಿಡಿದು ಒಬ್ಬರು "ಹುಲ್ಲುಲ್ಲಿಗೋ" ಎನ್ನುತ್ತ ಹೊಲದ ನಾಲ್ಕೂ ಬದುವಿಗೆ ಎಡೆ ಚೆಲ್ಲುತ್ತ ಹೋಗಬೇಕು. ಹಿಂದೆ ಇನ್ನೊಬ್ಬರು "ಚಲ್ಲಂಬ್ರಿಗೋ" ಎಂದು ನೀರು ಚಿಮುಕಿಸುತ್ತ ಬರಬೇಕು. ಹೊಲದ ಗಡಿ ಗುರುತಿಸುವ ಈಶಾನ್ಯದ ಬಾಂದಗಲ್ಲಿಗೆ ಸುಣ್ಣ ಹಚ್ಚಿ, ಪೂಜೆ ಮಾಡಿ, ಆಮೇಲೆ ಊಟ. ಅತ್ತೆಯ ಮೊಣಕಾಲು ಹಿಡಿದುಕೊಂಡ ಮೇಲೆ ಈ ಕೆಲಸ ನನ್ನ ಪಾಲಿಗೆ ಬಂತು. ನಾನು ಜಾಣೆಯಲ್ಲವೇ, ನಡು ಹೊಲದ ಬೇವಿನ ಗಿಡದ ಕೆಳಗೆ ನಿಂತು ನಾಲ್ಕು ದಿಕ್ಕಿಗೆ ನಾಲ್ಕು ಹಿಡಿ ಒಗೆದು ಮುಗಿಸುತ್ತಿದ್ದೆ. "ಭೂಮಿತಾಯಿ ಹಾಜರಿ ಪುಸ್ತಕ ಇಟ್ಟಾಳೇನ್ರಿ?" ಎಂದು ಚೇಷ್ಟೆ ಬೇರೆ.

"ಬೆಳಿ ಬೇಕಂದ್ರ ನಾಕೂ ಮೂಲಿ ಬೇಕು, ನೀಡೂದಕ್ಕ ನಡು ಒಂದ ಸಾಕೇನು?" ಎಂದು ಅತ್ತೆ ಗೊಣಗುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು.

ನಾಲ್ಕನೆಯ ವರ್ಷ, ಹಬ್ಬಕ್ಕೆ ಇನ್ನೂ ಕೆಲವು ದಿನ ಇದ್ದಾಗ, ಬಿಲ್ಡರ್ ಕೊನೆಯ ಮಾತು ಕೇಳಲು ಮನೆಗೆ ಬಂದ. ಅತ್ತೆ ಚಹಾ ಕೊಟ್ಟು, ಮಾರುವುದಿಲ್ಲ ಎಂದರು. ಆತ ಕಪ್ಪು ಕೆಳಗಿಟ್ಟು ಎದ್ದ.

"ಹೊಲ ನಿಮ್ದ ಐತಿ, ಯಾರು ಇಲ್ಲಂದ್ರು? ದಾರಿ ನಂದು."

ಮರುದಿನ ಗೇಟಿಗೆ ಬೀಗ ಬಿತ್ತು. ನಾನು ಹಳೆಯ ದಾರಿ ಹುಡುಕಿಕೊಂಡು ಹೋದರೆ ಅಲ್ಲಿ ರಸ್ತೆಯುದ್ದಕ್ಕೂ ಬೆಳ್ಳನೆಯ ಕಂಪೌಂಡ್ ಗೋಡೆ. ಅದು ಹೊಲದ ಕಡೆಗೂ ತಿರುಗಿ ನಮ್ಮ ಮೂಲೆಯನ್ನು ಒಳಗೆ ಹಾಕಿಕೊಂಡಿತ್ತು. ಇನ್ನು ಹೊಲಕ್ಕೆ ಕಾಲಿಡಲೂ ಹಾದಿಯಿಲ್ಲ. ಅವರ ಎಂಜಿನಿಯರ್ ಸಾವಕಾಶವಾಗಿ ಕೇಳಿದ: "ನಿಮ್ಮ ಮೂಲಿ ಇಲ್ಲಿತ್ತು ಅನ್ನಾಕ ಏನ್ ಗುರುತೈತಿ ಮೇಡಂ?" ಮೂರು ವರ್ಷದಿಂದ ನಾನು ಆ ಕಡೆ ಹಾಯ್ದೇ ಇರಲಿಲ್ಲ. ಅವನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ಹೆಚ್ಚಾಗಿತ್ತು. "ದಾರಿ ಇಲ್ಲದ ಹೊಲ ಇಟ್ಕೊಂಡು ಏನ್ ಮಾಡೂದು, ಕೊಟ್ಟು ಕೈ ತೊಳಕೊಳ್ಳೂಣು" ಎಂದು ನಮ್ಮ ಮನೆಯವರು ಅಂದಾಗ ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಅಮಾವಾಸ್ಯೆಯ ದಿನ ಅತ್ತೆ ಇಳಕಲ್ ಸೀರೆ ಉಟ್ಟು ಹೊರಗೆ ಬಂದರು. "ಈ ಸಲ ನಾನ ಬರತೇನಿ. ಬುಟ್ಟಿ ಹೊತ್ಕೊ."

ಗೇಟಿನಲ್ಲಿ ಕಾವಲಿಗಿದ್ದವನು ಚಚಡಿ ಊರಿನ ರೈತರ ಮನೆಯವನು. ನನ್ನ ತಲೆಯ ಮೇಲಿನ ಬುಟ್ಟಿ ನೋಡಿದ, ಒಳಗಿನ ಆಫೀಸಿನ ಕಡೆ ನೋಡಿದ, ಬೀಗ ತೆಗೆದ. "ಚರಗದ ಬುಟ್ಟಿ ತಡದೇನಂದ್ರ ನಮ್ಮವ್ವ ನನ್ನ ಮನಿಯೊಳಗ ಬಿಡಂಗಿಲ್ರೀ" ಅಂದ.

ಅತ್ತೆ ಒಂದು ಕೈಲಿ ನನ್ನ ತೋಳು ಹಿಡಿದು, ಇನ್ನೊಂದು ಕೈಲಿ ಎಡೆ ಚೆಲ್ಲುತ್ತ ಮೂರು ಬದು ನಡೆದರು. ಈಶಾನ್ಯಕ್ಕೆ ಬಂದಾಗ ಗೋಡೆ ಅಡ್ಡ ಬಂತು. ಅವರು ನಿಲ್ಲಲಿಲ್ಲ. ಗೋಡೆಯನ್ನು ಬಳಸಿ, ಆಫೀಸಿನ ಮುಂದಿನ ಹೂವಿನ ಮಡಿಯೊಳಗೆ ಚಪ್ಪಲಿ ಬಿಟ್ಟು ಕಾಲಿಟ್ಟರು. ಹಿಂದಕ್ಕೆ ತಿರುಗಿ ಬೇವಿನ ಗಿಡ ನೋಡಿದರು, ಎರಡು ಹೆಜ್ಜೆ ಸರಿದರು.

"ಇಲ್ಲಿ ಕೆದರು."

ಕಾವಲಿನವನೇ ಗುದ್ದಲಿ ತಂದ. ಎಂಜಿನಿಯರ್ ಓಡಿ ಬರುವಷ್ಟರಲ್ಲಿ ಕಲ್ಲಿನ ನೆತ್ತಿ ಕಂಡಿತ್ತು. ಮಣ್ಣು ಒರೆಸಿ ಅತ್ತೆ ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿದರು. ಸುಣ್ಣದ ಮೇಲೆ ಸುಣ್ಣ, ಪದರು ಪದರಾಗಿ ಬಂತು. ಮದುವೆಯಾಗಿ ಬಂದ ವರ್ಷದಿಂದ ಅವರೇ ಹಚ್ಚಿದ್ದು, ಅದಕ್ಕೂ ಮೊದಲು ಅವರ ಅತ್ತೆ ಹಚ್ಚಿದ್ದು. ಆ ಚಕ್ಕೆಯನ್ನು ಎಂಜಿನಿಯರ್‌ನ ಅಂಗೈಯಲ್ಲಿಟ್ಟರು.

"ಗುರುತು ಕೇಳಿದ್ಯಂತಲ್ಲಾ ತಮ್ಮಾ. ತಗೊ, ಎಣಸು."

ಅವನು ಎಣಿಸಲಿಲ್ಲ. ನನಗೆ ಮಾತ್ರ ಆ ಪದರುಗಳಲ್ಲಿ ಮೂರು ಕಡಿಮೆಯಿವೆ ಎಂಬುದು ಗೊತ್ತಿತ್ತು.

ಆಮೇಲೆ ಅರ್ಜಿ, ಅಳತೆ, ಕಚೇರಿಯಿಂದ ಕಚೇರಿಗೆ ಅಲೆದಾಟ. ಶಾಲೆಯ ರಜೆಗಳೆಲ್ಲ ಅದಕ್ಕೇ ಹೋದವು. ಸರ್ವೆಯವರು ಆ ಕಲ್ಲಿನಿಂದಲೇ ಸರಪಳಿ ಹಿಡಿದರು. ಕೊನೆಗೆ ಗೋಡೆ ಒಡೆದು ನಮ್ಮ ಬಂಡಿದಾರಿ ಬಿಟ್ಟುಕೊಟ್ಟರು. ಕಟ್ಟಡದ ನೆರಳು ಬಿದ್ದ ಕಡೆ ಜೋಳ ಇನ್ನೂ ಗಿಡ್ಡಗೇ ಬರುತ್ತದೆ. ಬರಲಿ, ಗಿಡ್ಡ ಜೋಳದ ರೊಟ್ಟಿಯೂ ರೊಟ್ಟಿಯೇ.

ಈ ವರ್ಷ ಬಿಲ್ಡರ್ ಮತ್ತೆ ಹೊಲ ಕೇಳಲು ಹೊಸಬನೊಬ್ಬನನ್ನು ಕಳಿಸಿದ್ದ. ಹಬ್ಬದ ದಿನವೇ ಬಂದ, ಮಿಂಚುವ ಬೂಟು, ಕೈಯಲ್ಲಿ ಫೈಲು. ಬೇವಿನ ಕೆಳಗೆ ಕೂತಿದ್ದ ಅತ್ತೆ ಫೈಲು ಇಸಿದುಕೊಂಡು ನೀರಿನ ತಂಬಿಗೆ ಅವನ ಕೈಗೆ ಕೊಟ್ಟರು. "ಮಾತು ಆಮ್ಯಾಲ. ಮೊದಲ ನನ್ನ ಸೊಸಿ ಹಿಂದ ನೀರು ಚಿಮುಕಿಸ್ಕೊಂತ ಹೋಗ್ರಿ."

ಪಾಪ, ಹೊರಟ. ನಾನು ಒಂದು ಮೂಲೆಯನ್ನೂ ಬಿಡದೆ ಬದು ಹಿಡಿದೇ ನಡೆದೆ. ಎರೆಯ ಬಿರುಕಿನಲ್ಲಿ ಅವನ ಬೂಟು ಎರಡು ಸಲ ಸಿಕ್ಕಿತು. ಈಶಾನ್ಯದ ಕಲ್ಲಿಗೆ ಸುಣ್ಣ ಹಚ್ಚಿ, ಕೈ ಒರೆಸಿಕೊಂಡು ಅವನ ಕಡೆ ತಿರುಗಿದೆ.

"ಈಗ ಹೇಳ್ರಿ. ಇದರಾಗ ಯಾವ ಮೂಲಿ ಬಿಡಬೇಕಂತೀರಿ?"

ಅವನು ಬರಿದಾದ ತಂಬಿಗೆಯನ್ನು ಬದುವಿನ ಮೇಲಿಟ್ಟ. ಬೇವಿನ ಕೆಳಗಿನಿಂದ ಅತ್ತೆ ಕೂಗಿದರು: "ಅವಂಗ ಎರಡು ಕಡಬು ಹೆಚ್ಚಿಗಿ ನೀಡು. ಬರೂ ವರ್ಷ ಬಂದ್ರೂ ಊಟ ಇರತೈತಿ. ಜವಾಬೂ ಇದ ಇರತೈತಿ."